ಪ್ರಭುಲಿಂಗಪ್ಪ ಕಾರಿಗೆ ಗಾಜು ಕೂಡಿಸಿದ್ದು

ಬ್ಯಾಡಗಿಯ ಸರಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು. ಸುಳ್ಳು ಹೇಳಬಾರದು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ನನಗೇ ನೆನಪಿಲ್ಲ. ನಿವೃತ್ತನಾದ ಮರುವರ್ಷ, ಅಂದರೆ ಎಂಬತ್ತೇಳನೆಯ ಇಸವಿಯ ಮಾರ್ಚಿನಲ್ಲಿ, ಒಂದು ದೊಡ್ಡ ಸುಳ್ಳಿನ ಪಕ್ಕದ ಸೀಟಿನಲ್ಲಿ ಕೂತು ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಬಂದೆ. ಹೇಳಿದವನು ನಾನಲ್ಲ, ಪಕ್ಕದ ಮನೆಯ ಪ್ರಭುಲಿಂಗಪ್ಪ. ಅವನೂ ಪೂರ್ತಿ ಹೇಳಲಿಲ್ಲ, ಬರೀ "ಹ್ಞೂಂ" ಅಂದ. ಆಮೇಲೆ ನಡೆದದ್ದನ್ನು ಊರಿನವರು ತಮತಮಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಿರುವುದರಿಂದ, ಕಣ್ಣಾರೆ ಕಂಡವನಾಗಿ ನಾನೇ ಬರೆದಿಡುವುದು ಒಳ್ಳೆಯದು.

ಪ್ರಭುಲಿಂಗಪ್ಪ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯ ಸಾಹುಕಾರರ ಗೋದಾಮಿನಲ್ಲಿ ಹತ್ತು ವರ್ಷದಿಂದ ಒಂದು ಹಳೆಯ ಮಾರಿಸ್ ಕಾರು ನಿಂತಿತ್ತು. ನಿಂತಿತ್ತು ಅನ್ನುವುದೂ ತಪ್ಪೇ, ಚೀಲಗಳ ಕೆಳಗೆ ಹೂತುಹೋಗಿತ್ತು. ಒಂದು ಸುಗ್ಗಿಯಲ್ಲಿ ಮೇಲಿನ ಚೀಲ ಜಾರಿ ಮುಂದಿನ ಗಾಜು ಪುಡಿಯಾಗಿತ್ತು. "ಜಾಗಾ ಖಾಲಿ ಮಾಡಿಕೊಟ್ರ ಸಾಕಪಾ, ನೀನ ತಗೊಂಡು ಹೋಗು" ಎಂದು ಸಾಹುಕಾರರು ಅಂದರು. ಪ್ರಭುಲಿಂಗಪ್ಪ ಎತ್ತು ಹೂಡಿ ಅದನ್ನು ಮನೆಗೆ ಎಳೆದು ತಂದ. ಮನೆಯ ಮಗ್ಗುಲಿನ ದನದ ಕೊಟ್ಟಿಗೆಯಲ್ಲಿ ಮೂತಿ ಬೀದಿಗೆ ಮಾಡಿ ನಿಲ್ಲಿಸಿದ. ಎರಡು ವರ್ಷ ಮೆಕ್ಯಾನಿಕ್ ಮಹಮ್ಮದ್ ಹನೀಫ್ ಅದರ ಹೊಟ್ಟೆಯೊಳಗೆ ಮಲಗಿ ಎದ್ದ ಮೇಲೆ ಇಂಜಿನ್ನು ಕೆಮ್ಮಿತು, ಗಾಲಿ ತಿರುಗಿತು, ಕಪ್ಪು ಬಣ್ಣವೂ ಬಂತು. ಮುಂದಿನ ಗಾಜು ಮಾತ್ರ ಎಲ್ಲಿಯೂ ಸಿಗಲಿಲ್ಲ.

ಗಾಜಿಲ್ಲದಿದ್ದರೇನಾಯಿತು ಎಂದು ಅವನು ಒಂದು ದಿನ ಮೆಣಸಿನಕಾಯಿ ಪೇಟೆಯೊಳಗೆ ಕಾರು ಹೊಡೆದ. ಸುಗ್ಗಿಯ ದಿನಗಳಲ್ಲಿ ನಮ್ಮ ಪೇಟೆಯ ಗಾಳಿಯಲ್ಲಿ ಏನಿರುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಎಂಟು ನಿಮಿಷದಲ್ಲಿ ಎರಡೂ ಕಣ್ಣು ಸುರಿಸುತ್ತ, ಬಿಕ್ಕುತ್ತ ಮರಳಿ ಬಂದ. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು, ಯಾರು ಹೋದರು ಎಂದು ಕೇಳಲು ಬಂದರು. ಸೀನುತ್ತಿದ್ದ ಅವನಿಗೆ ಉತ್ತರ ಕೊಡಲು ಆಗದ್ದರಿಂದ ಇಬ್ಬರು ಅತ್ತೂ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಪ್ರಭುಲಿಂಗಪ್ಪನ ಹೆಂಡತಿ ಗದಿಗೆವ್ವಳಿಗೆ ಒಬ್ಬ ಅಣ್ಣನಿದ್ದ. ಹಾವೇರಿಯ ವಿರೂಪಾಕ್ಷಪ್ಪ, ಎರಡು ಅಂಗಡಿಯ ಮಾಲೀಕ, ಬಿಳಿ ಪಂಚೆಯ ಕೆಳಗೆ ಬೂಟು ಹಾಕುವ ಮನುಷ್ಯ. ಸಣ್ಣವನಿದ್ದಾಗ ಅವನವ್ವ ಅವನನ್ನು "ಪಾಕ್ಯಾ" ಅನ್ನುತ್ತಿದ್ದಳಂತೆ. ಅವಳು ತೀರಿಕೊಂಡ ಮೇಲೆ ಹಾಗೆ ಕರೆಯುವ ಧೈರ್ಯ ಭೂಮಿಯ ಮೇಲೆ ಯಾರಿಗೂ ಉಳಿದಿರಲಿಲ್ಲ. ಅವನ ಮಗಳ ನಿಶ್ಚಿತಾರ್ಥದಲ್ಲಿ ಗದಿಗೆವ್ವಳನ್ನೂ ಪ್ರಭುಲಿಂಗಪ್ಪನನ್ನೂ ಅಡಿಗೆಮನೆಯ ಬಾಗಿಲ ಬಳಿ, ಕಡೆಯ ಸಾಲಿನಲ್ಲಿ ಕೂಡಿಸಿದರು. ಆ ಸಿಟ್ಟಿಗೆ ಪ್ರಭುಲಿಂಗಪ್ಪ ಕಡೆಯ ಸಾಲಿನಿಂದಲೇ ಎದ್ದುನಿಂತು, ಮದುವೆಯ ದಿನ ಬ್ಯಾಡಗಿಯ ಮದುಮಗನನ್ನು ಹಾವೇರಿಯ ಮಂಟಪಕ್ಕೆ ತನ್ನ ಕಾರಿನಲ್ಲೇ ತರುವುದಾಗಿ ಸಾರಿಬಿಟ್ಟ.

ವಿರೂಪಾಕ್ಷಪ್ಪ ತಾಂಬೂಲ ಉಗುಳಿ ಬಂದು ಹೇಳಿದ, "ಏನ್ರಿ ಪ್ರಭುಲಿಂಗಪ್ಪನವರ, ಆ ಡಬ್ಬಿಗೆ ಮುಂದಿನ ಗ್ಲಾಸು ಕೂಡಿಸಿದ ದಿನ ಹೇಳಿ ಕಳಸ್ರಿ. ಬ್ಯಾಡಗಿಗೆ ಬಂದು ಅದರ ಮುಂದ ಉದ್ದಕ ಬೀಳ್ತೇನಿ. ಕೂಡಸದಿದ್ರ ಮಾತ್ರ, ನಮ್ಮ ಮನಿ ಕಾರ್ಯದಾಗ ಯಾವತ್ತೂ ನಿಮಗ ಅದ ಕಡೀ ಸಾಲು."

ಇಡೀ ಚಪ್ಪರ ನಕ್ಕಿತು. ಗದಿಗೆವ್ವ ನಗಲಿಲ್ಲ. ಮನೆಗೆ ಬಂದು ಗಂಡನಿಗೆ, "ಗ್ಲಾಸು ತರ್ರಿ, ಇಲ್ಲಾ ನನ್ನ ತವರುಮನಿ ಹೆಸರು ಎತ್ತಬ್ಯಾಡ್ರಿ" ಎಂದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ರಾಣೆಬೆನ್ನೂರಿನ ಗುಜರಿ ಅಂಗಡಿಯ ಫಕ್ಕೀರಸಾಬರಿಂದ ಸುದ್ದಿ ಬಂತು. ಅದೇ ಜಾತಿಯ ಕಾರೊಂದನ್ನು ಬಿಚ್ಚಿದ್ದಾರೆ, ಗಾಜು ಗಟ್ಟಿಯಿದೆ. ಪ್ರಭುಲಿಂಗಪ್ಪ ನನ್ನನ್ನು ಎಳೆದುಕೊಂಡು ಹೊರಟ. ಬೆಣ್ಣೆದೋಸೆ ತಿನ್ನಿಸುತ್ತೇನೆ ಅಂದದ್ದರಿಂದ ನಾನೂ ಹೋದೆ. ಮುಂದಿನದಕ್ಕೆಲ್ಲ ಆ ದೋಸೆಯೇ ಕಾರಣ.

ಗಾಜು ನಾಲ್ಕು ಅಡಿ ಉದ್ದವಿತ್ತು, ನಡುವೆ ಸ್ವಲ್ಪ ಬಾಗಿತ್ತು. ಫಕ್ಕೀರಸಾಬರು ಒರೆಸಿ ಕೊಟ್ಟು, "ಮಲಗಿಸಿ ಒಯ್ಯಬ್ಯಾಡ್ರಿ. ಕುಲುಕಾಟಕ್ಕ ನಟ್ಟನಡುವ ಸೀಳ್ತದ. ಉದ್ದಕ ನಿಂದ್ರಿಸಿ, ಎದಿಗಪ್ಪಿಕೊಂಡು ಒಯ್ರಿ" ಎಂದರು. ಗಾಜಿನ ಸುತ್ತ ಕೂಡಿಸುವ ಹೊಸ ರಬ್ಬರನ್ನು ಸುರುಳಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

ಮೊದಲನೆಯ ಬಸ್ಸಿನ ಕಂಡಕ್ಟರು ನಮ್ಮನ್ನು ಮೆಟ್ಟಿಲ ಮೇಲೇ ತಡೆದ. "ಗ್ಲಾಸು ಒಡದು ಯಾರದರ ಕುತ್ತಿಗಿ ಹರದ್ರ ಯಾರ್ರಿ ಜವಾಬ್ದಾರಿ? ಇಳೀರಿ, ಇಳೀರಿ." ಇಳಿಯುವ ಗಡಿಬಿಡಿಯಲ್ಲಿ ಪ್ರಭುಲಿಂಗಪ್ಪನ ಎಡಗಾಲ ಚಪ್ಪಲಿಯ ಉಂಗುಷ್ಟ ಕಿತ್ತಿತು. ಒಂದೇ ಚಪ್ಪಲಿ ಹಾಕಿಕೊಂಡು ಮಾಡುವುದೇನು ಎಂದು ಎರಡನ್ನೂ ಅಲ್ಲೇ ಬಿಟ್ಟ.

ನಂತರ ಅವನಿಗೆ ಒಂದು ಉಪಾಯ ಹೊಳೆಯಿತು. ಗದಿಗೆವ್ವ ಮದುವೆಗೆ ಉಡಲೆಂದು ರಾಣೆಬೆನ್ನೂರಿನ ಅಂಗಡಿಯಲ್ಲಿ ಹೇಳಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನೂ ನಾವು ಅದೇ ಬೆಳಿಗ್ಗೆ ಬಿಡಿಸಿಕೊಂಡಿದ್ದೆವು. ಅದನ್ನು ಪೊಟ್ಟಣದಿಂದ ತೆಗೆದು ಗಾಜಿಗೆ ಸುತ್ತತೊಡಗಿದ.

"ಗದಿಗೆವ್ವ ಕೊಂದಾಳು ನಿನ್ನ" ಎಂದೆ.

"ಮನಿ ಮುಟ್ಟಿದ ಕೂಡಲೇ ಬಿಚ್ಚಿ ಮಡಚಿ ಇಟ್ರ ಅಕಿಗೆ ಹ್ಯಾಂಗ ಗೊತ್ತಾಗ್ತೈತ್ರಿ ಮಾಸ್ತರ?" ಎಂದ. ಮದುವೆಯಾಗಿ ಹದಿನೆಂಟು ವರ್ಷವಾದ ಗಂಡಸು ಹೀಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದೆ.

ಸುತ್ತಿ ಮುಗಿದಾಗ ಕೆಂಪು ಸೆರಗು ಮೇಲಿನ ತುದಿಗೆ ಬಂದಿತ್ತು. ನಮ್ಮ ಕಡೆ ಒಂದು ಪದ್ಧತಿ ಉಂಟು. ಊರ ದೇವಿಯ ಕಟ್ಟಿಗೆಯ ಮೂರ್ತಿಯ ಬಣ್ಣ ಮಾಸಿದಾಗ ಅದನ್ನು ಚಿತ್ರಗಾರರ ಮನೆಗೆ ಒಯ್ಯುತ್ತಾರೆ. ತಿರುಗಿ ತರುವಾಗ ಸೀರೆ ಸುತ್ತಿ ಮುಖ ಮುಚ್ಚಿರುತ್ತಾರೆ. ಊರಿಗೆ ಬಂದು ದೃಷ್ಟಿ ತೆರೆಯಿಸುವವರೆಗೆ ಯಾರೂ ಆ ಮುಖ ನೋಡುವಂತಿಲ್ಲ. ಹೊತ್ತವನು ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಬಾಯಿ ಬಿಡುವಂತಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆದರೆ ಎರಡನೆಯ ಬಸ್ಸು ಹತ್ತುವ ಅವಸರದಲ್ಲಿ ನೆನಪಾಗಲಿಲ್ಲ.

ನೆನಪಾದದ್ದು ಮುಂದಿನ ಸೀಟಿನಲ್ಲಿದ್ದ ಮುತ್ತವ್ವ ಎಂಬ ಮುದುಕಿಗೆ. ಪ್ರಭುಲಿಂಗಪ್ಪ ಬರಿಗಾಲಲ್ಲಿ ಹಸಿರು ಸೀರೆಯನ್ನು ಎದೆಗಪ್ಪಿಕೊಂಡು ಮೆಟ್ಟಿಲು ಹತ್ತಿದ್ದೇ ತಡ, ಅವಳು ಸೀಟು ಬಿಟ್ಟು ಎದ್ದಳು.

ಕಂಡಕ್ಟರ್ ಗುಡದಪ್ಪ ಹಿಂದಿನಿಂದ ಬಂದ. "ಏನ್ರಿ ಅದು ಲಗೇಜು?"

"ಲಗೇಜ ಅಂತ ಲಗೇಜ" ಎಂದಳು ಮುತ್ತವ್ವ. "ಕಣ್ಣಾಗ ಏನ ಬಿದ್ದೈತೋ ನಿಂಗ? ಬಣ್ಣಕ್ಕ ಹೋದ ತಾಯಿ ತಿರುಗಿ ಬರಾಕತ್ಯಾಳ. ಹೌದಲ್ಲೋ ಯಪ್ಪಾ?"

ಪ್ರಭುಲಿಂಗಪ್ಪ ಮುದುಕಿಯನ್ನು ನೋಡಿದ, ಕಂಡಕ್ಟರನನ್ನು ನೋಡಿದ. ಹೊರಗೆ ಬಿಸಿಲು, ನಾಳೆ ಮದುವೆ. ಆಗ ಅವನ ಬಾಯಿಂದ ಆ ಮಾತು ಬಂತು.

"ಹ್ಞೂಂ."

ಗುಡದಪ್ಪ ಚಪ್ಪಲಿ ಕಳಚಿ ಡ್ರೈವರನ ಸೀಟಿನ ಕೆಳಗೆ ತಳ್ಳಿದ. ಮುಂದಿನ ಎರಡು ಸೀಟಿನವರನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ. ನಮ್ಮಿಬ್ಬರಿಗೆ ಟಿಕೆಟು ಹರಿದು, ಮೂರನೆಯದಕ್ಕೆ ಕೈ ಮುಗಿದ. "ಬ್ಯಾಡಗ್ಯಾಗ ಯಾರ ಮನಿಗಿರಿ ತಾಯಿ?" ಎಂದು ಪ್ರಭುಲಿಂಗಪ್ಪನನ್ನು ಕೇಳಿದರೆ, "ಹೊತ್ತವ ಮಾತಾಡಬಾರದು, ನಿನಗ ಅಷ್ಟೂ ಗೊತ್ತಿಲ್ಲೇನು?" ಎಂದು ಮುತ್ತವ್ವ ಅವನ ಬಾಯಿ ಮುಚ್ಚಿಸಿದಳು. ಪ್ರಭುಲಿಂಗಪ್ಪನ ಮುಖದಲ್ಲಿ ಆ ಮುದುಕಿಯ ಬಗ್ಗೆ ಬಹಳ ಭಕ್ತಿ ಕಂಡಿತು.

ಕಾಕೋಳ ದಾಟುವಷ್ಟರಲ್ಲಿ ಬಸ್ಸಿನ ಹೆಂಗಸರು ಉಡಿ ತುಂಬಲು ಸಾಲುಗಟ್ಟಿದರು. ಅಕ್ಕಿ, ಅಡಿಕೆ, ಕುಪ್ಪಸದ ಕಣ. ಇವೆಲ್ಲ ಬಂದರೆ ಬರಲಿ ಎಂದು ನಾನು ಸುಮ್ಮನಿದ್ದೆ. ಒಬ್ಬಾಕೆ ತೆಂಗಿನಕಾಯಿ ತೆಗೆದಾಗ ಮಾತ್ರ ಕೈ ಅಡ್ಡ ಹಿಡಿಯಹೋದೆ. ಬಸ್ಸು ಕುಲುಕಿತು, ಕಾಯಿ ಗಾಜಿಗೆ ತಾಗಿತು. ಸೀರೆಯೊಳಗಿಂದ ಟಿಣ್ಣೆಂದು ಸದ್ದಾಯಿತು.

ಕಾಯಿ ಹಿಡಿದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪ್ರಭುಲಿಂಗಪ್ಪ ಕಣ್ಣು ಮುಚ್ಚಿದ.

"ಕೇಳಿದ್ರೆ?" ಎಂದು ಮುತ್ತವ್ವ ಹಿಂದೆ ತಿರುಗಿ ಕೇಳಿದಳು. "ತಾಯಿ ಕೈಬಳಿ ಸಪ್ಪಳ."

ಅಲ್ಲಿಂದ ಮುಂದೆ ಡ್ರೈವರು ಹಾರ್ನು ಹೊಡೆಯಲಿಲ್ಲ. ತಾಯಿಗೆ ಕುಲುಕಾಟ ಆಗಬಾರದೆಂದು ಬಸ್ಸನ್ನು ಎತ್ತಿನ ಬಂಡಿಗೆ ಸಮನಾಗಿ ಬಿಟ್ಟ. ಕದರಮಂಡಲಗಿಯಲ್ಲಿ ಹನುಮಪ್ಪನಿಗೆ ಕೈ ಮುಗಿದು ಬಂದ ಭಕ್ತರು ಹತ್ತಿದರು, ವಿಷಯ ತಿಳಿದು ಬಸ್ಸಿನಲ್ಲೇ ಮತ್ತೊಮ್ಮೆ ಕೈ ಮುಗಿದರು. ಸೈಕಲ್ ಮೇಲಿದ್ದವನೊಬ್ಬ ಕಿಟಕಿಯಲ್ಲಿ ಇಣುಕಿ ಎಲ್ಲ ಕೇಳಿಕೊಂಡ. ನಮ್ಮ ಬಸ್ಸನ್ನು ಹಿಂದೆ ಹಾಕಿ, ನಮಗಿಂತ ಅರ್ಧ ತಾಸು ಮೊದಲೇ ಬ್ಯಾಡಗಿ ಮುಟ್ಟಿ ಸುದ್ದಿ ಹೇಳಿಬಿಟ್ಟ.

ಬ್ಯಾಡಗಿಯ ಬಸ್‌ಸ್ಟ್ಯಾಂಡಿನಲ್ಲಿ ಹಲಗೆ ಬಾರಿಸುವವರು ಹಲಗೆ ಕಾಸಿಕೊಂಡು ನಿಂತಿದ್ದರು. ಪೇಟೆಯ ಹಮಾಲರು ಚೀಲ ಇಳಿಸಿ ಬಂದಿದ್ದರು. ಮೆಣಸಿನಕಾಯಿಯ ತೊಟ್ಟು ಕೀಳುವ ಹೆಂಗಸರು ಕೆಲಸ ಬಿಟ್ಟು, ಉರಿಯುವ ಕೈಯನ್ನೇ ಮುಗಿದುಕೊಂಡು ನಿಂತಿದ್ದರು. ಒಬ್ಬ ಪೊಲೀಸಪ್ಪ ಕೈಯಲ್ಲಿ ಬೆತ್ತ ಹಿಡಿದು ದಾರಿ ಬಿಡಿಸುತ್ತಿದ್ದ.

ಪ್ರಭುಲಿಂಗಪ್ಪ ನನ್ನ ಕಿವಿಯಲ್ಲಿ, "ಮಾಸ್ತರ, ಖರೇ ಏನಂತ ನೀವ ಹೇಳಿಬಿಡ್ರಿ" ಎಂದ.

"ನೀ ಹೇಳು, ನಿಂದ ಗ್ಲಾಸು."

"ಹೊತ್ತವ ಮಾತಾಡಬಾರದಂತಲ್ರಿ."

ಹೊತ್ತವನ ಕಾಲು ಹೋದತ್ತ ಹೋಗುವುದು ಪದ್ಧತಿಯಾದ್ದರಿಂದ ಗುಡಿಗೆ ಯಾಕಲ್ಲ ಎಂದು ಯಾರೂ ಕೇಳಲಿಲ್ಲ. ಹೀಗೆ ನಾವು ಮೆರವಣಿಗೆಯಲ್ಲಿ ಪ್ರಭುಲಿಂಗಪ್ಪನ ಮನೆಗೆ ಬಂದೆವು. ಕೊಟ್ಟಿಗೆಯಲ್ಲಿ ಕಾರಿನ ಪಕ್ಕ ಹನೀಫ್ ಒಂದು ಬಕೀಟು ಸಾಬೂನು ನೀರು, ಒಂದು ಹುರಿ ಇಟ್ಟುಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದ. ಐನೂರು ಜನರನ್ನು ಕಂಡು ಎದ್ದುನಿಂತ.

"ಮಾಸ್ತರ್ರ, ಗ್ಲಾಸ ಎಲ್ಲಿ?"

ನಾನು ಅವನನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಅವನು ಗಡ್ಡ ಕೆರೆದುಕೊಂಡ. "ಇವರಿಗೆ ಈಗ ಖರೇ ಹೇಳಿದ್ರ ಗ್ಲಾಸೂ ಉಳಿಯಂಗಿಲ್ಲ, ಕಾರೂ ಉಳಿಯಂಗಿಲ್ಲ. ನನಗ ಕೂಡಸಾಕ ಒಂದು ತಾಸು ಕೊಡ್ರಿ. ಆಮ್ಯಾಲ ನಿಮ್ಮ ದೈವ."

ಅಷ್ಟರಲ್ಲಿ, ಬಸ್ಸಿನಿಂದ ನಮ್ಮ ಜೊತೆಗೇ ನಡೆದು ಬಂದಿದ್ದ ಮುತ್ತವ್ವ ಮುಂದೆ ಬಂದು ತಾಯಿಯನ್ನು ಎಲ್ಲಿ ಕೂಡಿಸುವುದು ಎಂದು ಕೇಳಿದಳು. ಗಾಜು ಪ್ರಭುಲಿಂಗಪ್ಪನ ಕೈಯಿಂದ ಜಾರತೊಡಗಿತ್ತು. ಮೂವತ್ತೊಂದು ವರ್ಷದ ನೌಕರಿಯನ್ನು ಮರೆತು ನಾನೇ ಬಾಯಿಬಿಟ್ಟೆ. "ಈ ಸಲ ತಾಯಿ ಗಾಡ್ಯಾಗ ಕುಂದರ್ತಾಳ."

ಜನ ತಲೆದೂಗಿದರು. ಕಾಲ ಬದಲಾಗಿದೆ, ತಾಯಿಗೂ ಮೋಟಾರು ಬೇಕೆನಿಸಿದ್ದರೆ ತಪ್ಪೇನು ಎಂದು ಹಿಂದೆ ಯಾರೋ ಅಂದರು.

ಹಳೆಯ ಕಾರಿಗೆ ಗಾಜು ಕೂಡಿಸುವ ಕ್ರಮ ಹೀಗೆ. ಗಾಜಿನ ಅಂಚಿಗೆ ಸುತ್ತಲೂ ರಬ್ಬರು ತೊಡಿಸಬೇಕು. ಆ ರಬ್ಬರಿನ ಸಂದಿಯಲ್ಲಿ ಒಂದು ಹುರಿ ಕೂಡಿಸಬೇಕು. ಸಾಬೂನು ನೀರು ಹಚ್ಚಿ ಚೌಕಟ್ಟಿಗೆ ಒತ್ತಿ ಹಿಡಿಯಬೇಕು. ಹೊರಗಿನವನು ಒತ್ತುತ್ತಿದ್ದಂತೆ ಒಳಗೆ ಕೂತವರು ಹುರಿಯನ್ನು ನಿಧಾನಕ್ಕೆ ಎಳೆದರೆ, ರಬ್ಬರಿನ ತುಟಿ ತಗಡನ್ನು ಕಚ್ಚಿ ಕೂಡುತ್ತದೆ. ಹನೀಫ್ ಇದಿಷ್ಟನ್ನೂ ಸೀರೆಯ ಕೆಳಗೆ ಕೈ ಹಾಕಿ, ಕಣ್ಣಿಗೆ ಕಾಣದೆ ಮಾಡಬೇಕಾಯಿತು. ಅವನು ಸಾಬೂನು ನೀರು ಸುರಿದಾಗ ತಾಯಿಗೆ ಸ್ನಾನ ನಡೆದಿದೆ ಎಂದು ಹೆಂಗಸರು ಅರಿಶಿಣದ ನೀರಿನ ತಂಬಿಗೆ ತಂದು ಕೊಟ್ಟರು. ಅವನು ಅದನ್ನೂ ಸುರಿದ. ತಂದಿದ್ದ ಹುರಿ ಫಟ್ಟನೆ ಹರಿದಾಗ, ಐವರು ಮುತ್ತೈದೆಯರು ಐದೆಳೆ ಹೊಸೆದ ಅರಿಶಿಣದ ದಾರ ತಂದರು. ಹನೀಫ್ ಎರಡು ಸಲ ಜಗ್ಗಿ ನೋಡಿ, "ಇದು ಕಂಪನಿ ಹುರಿಗಿಂತ ಛಲೋ ಐತಿ" ಎಂದ.

ಸೀರೆ ಈಗ ಗಾಜಿನ ಹೊರಮಗ್ಗುಲಲ್ಲಿ ಮಾತ್ರ ಪರದೆಯ ಹಾಗೆ ಇಳಿಬಿದ್ದಿತ್ತು. ಒಳಗೆ ಕೂತು ದಾರ ಎಳೆಯುವವರು ಬೇಕಿತ್ತು. "ಒಂದ ಸವನ ಎಳೀಬೇಕು. ಜೋರ ಜಗ್ಗಿದ್ರ ಗ್ಲಾಸು ಸೀಳ್ತೈತಿ" ಎಂದ ಹನೀಫ್. ನನ್ನ ವಯಸ್ಸಿನ ಕೈಗೆ ಆ ಹದ ಬಾರದು, ಪ್ರಭುಲಿಂಗಪ್ಪನದು ಗಾಜು ಹೊತ್ತೇ ಸೋತಿತ್ತು.

ಆಗ ಕೊಟ್ಟಿಗೆಯ ಹಿಂಬಾಗಿಲಿನಿಂದ ಗದಿಗೆವ್ವ ಬಂದಳು. ಅವಳು ಜನರನ್ನು ನೋಡಲಿಲ್ಲ, ಕಾರನ್ನು ನೋಡಲಿಲ್ಲ. ಸಾಬೂನು ನೀರು ತೊಟ್ಟಿಕ್ಕುತ್ತಿದ್ದ ಹಸಿರು ಅಂಚನ್ನೇ ನೋಡಿದಳು.

"ಅದು ನನ್ನ ಸೀರಿ" ಎಂದಳು.

ಪ್ರಭುಲಿಂಗಪ್ಪ ಪಿಸುಗುಟ್ಟಿದ, "ಗದಿಗೆವ್ವಾ, ನಿನ್ನ ಕಾಲಿಗೆ ಬೀಳ್ತೇನಿ. ಮೊದಲ ದಾರ ಎಳಿ, ಆಮ್ಯಾಲ ನನ್ನ ಹೊಡಿ. ನಿಮ್ಮ ಅಣ್ಣನ ಮುಂದ ಇದೊಂದು ಸಲ ಮಾನ ಉಳಸು."

ಅಣ್ಣ ಎಂಬ ಮಾತಿಗೆ ಅವಳು ಸೆರಗು ಬಿಗಿದಳು. ಹಿಂದಿನಿಂದ ಬಾಗಿ ಕಾರಿನೊಳಗೆ ನುಸುಳಿ ಮುಂದಿನ ಸೀಟಿನಲ್ಲಿ ಕೂತಳು. ಕೊಟ್ಟಿಗೆ ಕತ್ತಲು, ಗಾಜಿನ ಮೇಲೆ ಪರದೆ. ಬೀದಿಯಲ್ಲಿದ್ದವರಿಗೆ ಅವಳು ಕಾಣಲಿಲ್ಲ.

ಹನೀಫ್ ಗಾಜನ್ನು ಅಂಗೈಯಿಂದ ಗುದ್ದುತ್ತ ಹೋದ, ಅವಳು ಬಾವಿಯ ಹಗ್ಗ ಎಳೆದು ಪಳಗಿದ ಕೈಯಿಂದ ದಾರ ಎಳೆಯುತ್ತ ಹೋದಳು. ಗುದ್ದಿದಷ್ಟೂ ಹತ್ತು ವರ್ಷದ ಮೆಣಸಿನಕಾಯಿ ಧೂಳು ಸೀಟಿನ ಹೊಟ್ಟೆಯಿಂದ ಎದ್ದಿತು. ಅವಳು ಸೀನಿದಳು, ಕೆಮ್ಮಿದಳು. ಹಣೆಯ ಕುಂಕುಮವನ್ನು ಬೆವರಿನ ಜೊತೆ ಮುಖಕ್ಕೆಲ್ಲ ಒರೆಸಿಕೊಂಡಳು. ತುರುಬು ಸ್ಟೇರಿಂಗಿಗೆ ಸಿಕ್ಕಿ ಬಿಚ್ಚಿಹೋಯಿತು. ದಾರವನ್ನು ಮಾತ್ರ ಬಿಡಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಬೀದಿಯ ತುದಿಯಲ್ಲಿ ವಿರೂಪಾಕ್ಷಪ್ಪ ಕಾಣಿಸಿಕೊಂಡ. ನಾಳೆಯ ಮದುಮಗನಿಗೆ ಬೇರೆ ಗಾಡಿ ಗೊತ್ತು ಮಾಡಲು ನಾಲ್ಕು ಮಂದಿ ಬೀಗರೊಡನೆ ಬಂದವನು, ಗದ್ದಲ ಕೇಳಿ ಇತ್ತ ತಿರುಗಿದ್ದ. ಜನ ದಾರಿ ಬಿಟ್ಟರು. ಬೂಟುಗಾಲಿನಲ್ಲೇ ಕೊಟ್ಟಿಗೆಯ ಮುಂದೆ ಬಂದು ನಿಂತು ನಕ್ಕ.

"ಏನ್ರಿ ಪ್ರಭುಲಿಂಗಪ್ಪನವರ, ಗ್ಲಾಸು ಸಿಗಲಿಲ್ಲಂತ ಸೀರಿ ಕಟ್ಟೀರೇನು?"

ಬೀಗರೂ ನಕ್ಕರು. ಪ್ರಭುಲಿಂಗಪ್ಪ ಬರಿಗಾಲಲ್ಲಿ, ಮೈಯೆಲ್ಲ ಸಾಬೂನು ನೊರೆಯಾಗಿ, ತಲೆ ತಗ್ಗಿಸಿ ನಿಂತಿದ್ದ. 

"ಕುಂತಿತು" ಎಂದ ಹನೀಫ್. ರಬ್ಬರು ಟಪ್ಪೆಂದು ತಗಡು ಕಚ್ಚಿತು.

ಮುತ್ತವ್ವ ಕಾಯಲಿಲ್ಲ. "ತಾಯೀ, ಕಣ್ಣ ತೆರಿಯವ್ವಾ" ಎಂದು ಸೀರೆಯ ಅಂಚು ಹಿಡಿದು ಎಳೆದೇಬಿಟ್ಟಳು.

ಹೊಳೆಯುವ ಗಾಜಿನ ಹಿಂದೆ, ಕೂದಲು ಬಿಚ್ಚಿ ಹರಡಿಕೊಂಡು, ಮುಖದ ತುಂಬ ಕುಂಕುಮ, ಕೆಂಡದಂಥ ಎರಡು ಕಣ್ಣು, ಕೈಯಲ್ಲಿ ಐದೆಳೆ ಅರಿಶಿಣದ ದಾರ. ಹಲಗೆ ಬಾರಿಸುತ್ತಿದ್ದವರ ಕೈ ನಿಂತುಹೋಯಿತು. ಆ ಕಣ್ಣು ಒಬ್ಬೊಬ್ಬರನ್ನೂ ದಾಟಿ ವಿರೂಪಾಕ್ಷಪ್ಪನ ನಗುವಿನ ಮೇಲೆ, ಅಲ್ಲಿಂದ ಅವನ ಬೂಟಿನ ಮೇಲೆ ಬಂದು ನಿಂತಿತು.

"ಪಾಕ್ಯಾ" ಎಂದಿತು ಒಳಗಿನ ದನಿ. ಮುಚ್ಚಿದ ಕಾರಿನೊಳಗಿಂದ, ಕೆಮ್ಮಿ ಕೆಮ್ಮಿ ಒಡೆದ ಗಂಟಲಿನಿಂದ ಬಂದ ದನಿ.

ವಿರೂಪಾಕ್ಷಪ್ಪ ನಿಂತಲ್ಲೇ ಉದ್ದಕ್ಕೆ ಬಿದ್ದ. ಬಿಳಿ ಪಂಚೆ ಸಾಬೂನು ನೀರಿನಲ್ಲಿ, ಹಣೆ ಮಾರಿಸಿನ ಗಾಲಿಗೆ. ಅವನ ಹಿಂದೆ ನಾಲ್ಕು ಬೀಗರು ಬಿದ್ದರು, ಅವರ ಹಿಂದೆ ಓಣಿಯೇ ಬಿತ್ತು. "ಉಧೋ ಉಧೋ" ಎಂಬ ಕೂಗಿಗೆ ಕೊಟ್ಟಿಗೆಯ ಹೆಂಚು ಅಲುಗಿತು. ನಿಂತಿದ್ದವರು ನಾನು, ಹನೀಫ್ ಮತ್ತು ಪ್ರಭುಲಿಂಗಪ್ಪ ಮಾತ್ರ. ಪ್ರಭುಲಿಂಗಪ್ಪನೂ ಅರ್ಧ ಬಾಗಿದ್ದ.

ಗದಿಗೆವ್ವ ಒಂದು ಸಲ ಸೀನಿ ಮಾತಿಗೆ ಶುರುಮಾಡಿದಳು. "ನಾಳೆ ಮದುಮಗ ಈ ಕಾರಿನ್ಯಾಗ ಬರಬೇಕು."

"ಆಗಲಿ ಯವ್ವಾ" ಎಂದ ನೆಲದಿಂದ ವಿರೂಪಾಕ್ಷಪ್ಪ.

"ಈ ಮನಿಯವರನ್ನ ಮುಂದಿನ ಸಾಲಿನ್ಯಾಗ ಕುಂದರಸಬೇಕು."

"ಆಗಲಿ."

"ನನಗ ಹೊಸಾ ಇಳಕಲ್ ಸೀರಿ ಬೇಕು. ಒಂದಲ್ಲ, ಎರಡು. ಹಸರು ಒಂದು, ಕೆಂಪು ಒಂದು."

"ತಾಯಿ ಹೇಳಿಕಿ ಕೊಡಾಕತ್ಯಾಳ, ಯಾರರ ಬರಕೋರಿ" ಎಂದಳು ಮುತ್ತವ್ವ. ಪೊಲೀಸಪ್ಪ ಜೇಬಿನಿಂದ ಪುಸ್ತಕ ತೆಗೆದು ಸೀರೆಯ ಬಣ್ಣಗಳನ್ನು ಬರೆದುಕೊಂಡ.

ಮರುದಿನ ಹನೀಫ್ ಕಾರು ನಡೆಸಿದ. ಹಿಂದಿನ ಸೀಟಿನಲ್ಲಿ ಮದುಮಗ, ನಾನು, ಪ್ರಭುಲಿಂಗಪ್ಪ. ಮುಂದಿನ ಸೀಟಿನಲ್ಲಿ ಗದಿಗೆವ್ವ ಕೂರದಿದ್ದರೆ ಕಾರು ಬಿಡುವುದಿಲ್ಲವೆಂದು ಓಣಿಯವರು ಅಡ್ಡ ನಿಂತದ್ದರಿಂದ ಅವಳು ಮುಂದೆ. ಬ್ಯಾಡಗಿಯಿಂದ ಹಾವೇರಿಯವರೆಗೆ ಒಂಬತ್ತು ಕಡೆ ಕಾಯಿ ಒಡೆದರು. ಮದುಮಗನನ್ನು ಯಾರೂ ತಿರುಗಿ ನೋಡಲಿಲ್ಲ. ಪಾಪ, ಉಡಿ ಅಕ್ಕಿಯ ದೊಡ್ಡ ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ. ಮೊದಲನೆಯ ಮುಹೂರ್ತ ದಾರಿಯಲ್ಲೇ ಹೋಯಿತು. ಎರಡನೆಯದಕ್ಕೆ ಮುಟ್ಟಿದಾಗ ವಿರೂಪಾಕ್ಷಪ್ಪ ಮಂಟಪದ ಬಾಗಿಲಲ್ಲಿ ಬೂಟಿಲ್ಲದೆ ನಿಂತಿದ್ದ. ತಂಗಿಯನ್ನೂ ತಂಗಿಯ ಗಂಡನನ್ನೂ ತಾನೇ ಕೈ ಹಿಡಿದು ಮುಂದಿನ ಸಾಲಿಗೆ ಒಯ್ದ. ಪ್ರಭುಲಿಂಗಪ್ಪ ಅಲ್ಲಿ ಕೂತ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಊಟಕ್ಕೆ ಎಬ್ಬಿಸುವವರೆಗೂ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಲೇ ಇದ್ದ.

ಊಟವಾದ ಮೇಲೆ ಎಲೆಅಡಿಕೆ ಹಾಕುತ್ತ ವಿರೂಪಾಕ್ಷಪ್ಪ ನನ್ನ ಪಕ್ಕಕ್ಕೆ ಬಂದು ಕೂತ. ನನಗೆ ಮನಸ್ಸು ತಡೆಯಲಿಲ್ಲ. ಮೂವತ್ತೊಂದು ವರ್ಷದ ಮಾಸ್ತರಿಕೆ, ಖರೇ ಹೇಳಿಬಿಡೋಣ ಎನಿಸಿತು.

"ವಿರೂಪಾಕ್ಷಪ್ಪನವರ, ನಿನ್ನಿ ಆ ಗ್ಲಾಸಿನ ಹಿಂದ ಇದ್ದದ್ದು" ಎಂದು ಶುರುಮಾಡಿದೆ.

ಅವನು ಸುಣ್ಣದ ಡಬ್ಬಿ ಮುಚ್ಚಿ, ಮುಂದಿನ ಸಾಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ನನ್ನ ತಂಗಿ ಅಂತ ನನಗ ಆಗಿಂದಾಗ ಗೊತ್ತಾತ್ರಿ ಮಾಸ್ತರ. ಅದಕ್ಕ ಬಿದ್ದೆ. ಖರೇನ ದೇವಿ ಆಗಿದ್ರ ಬರೇ ಕೈ ಮುಗದು ನಿಂದರ್ತಿದ್ದೆ."